ಕಲ್ಲಿನ ಸಂದಿಯ ಹಿಟ್ಟು

ನಮ್ಮ ಮನೆಯ ಮುದ್ದೆ ಒಮ್ಮೊಮ್ಮೆ ಖಾರವಾಗಿರುತ್ತಿತ್ತು. ಸಾರಲ್ಲ, ಮುದ್ದೆಯೇ. ಬೇರೆ ಯಾರ ಮನೆಯಲ್ಲೂ ಹೀಗಿರುವುದಿಲ್ಲವೆಂದು ನನಗೆ ತಿಳಿದದ್ದು ಹೈಸ್ಕೂಲಿಗೆ ಸೇರಿದ ಮೇಲೆ, ಗೆಳೆಯನೊಬ್ಬನ ಮನೆಯಲ್ಲಿ ಉಂಡಾಗ. ಅಲ್ಲಿಯ ಮುದ್ದೆಗೆ ಬರೀ ರಾಗಿಯ ರುಚಿ. ನನಗೇನೋ ಸಪ್ಪೆ ಅನ್ನಿಸಿತು. ನಮ್ಮ ಮುದ್ದೆಯಲ್ಲಿ ರಾಗಿಯ ಜೊತೆಗೆ ಯಾರದೋ ಮನೆಯ ಅಕ್ಕಿ, ಇನ್ಯಾರದೋ ಗೋಧಿ, ಮತ್ತೊಬ್ಬರ ಮೆಣಸಿನಕಾಯಿ, ಧನಿಯ ಎಲ್ಲ ಸೇರಿರುತ್ತಿದ್ದವು. ನಮ್ಮಪ್ಪನದು ಹಿಟ್ಟಿನ ಮಿಷಿನ್ನು.

ತುರುವೇಕೆರೆ ಸೀಮೆಯ ಒಂದು ಹೋಬಳಿ ಊರು ಅದು. ಬೋರ್ಡಿನ ಮೇಲೆ ‘ಫ್ಲೋರ್ ಮಿಲ್’ ಎಂದು ಬರೆಸಿದ್ದರೂ ಜನರ ಬಾಯಲ್ಲಿ ಮಿಷಿನ್ನೇ. ‘ಮಿಷಿನ್ನಿಗೆ ಹೋಗಿ ಹಿಟ್ಟು ಹಾಕಿಸ್ಕೊಂಡು ಬಾ’ ಅಂದರೆ ರಾಗಿ ಬೀಸಿಸಿಕೊಂಡು ಬಾ ಅಂತಲೇ ಅರ್ಥ. ಯಾವ ಹಿಟ್ಟು ಎಂದು ತಿರುಗಿ ಕೇಳಿದವರನ್ನು ನಾನು ಕಂಡಿಲ್ಲ. ನಮ್ಮ ಕಡೆ ಹಿಟ್ಟೆಂದರೆ ಮುದ್ದೆಯೂ ಹೌದಲ್ಲ. ದಾರಿಯಲ್ಲಿ ಎದುರಾದವರು ‘ಹಿಟ್ಟುಂಡ್ರಾ?’ ಎಂದೇ ವಿಚಾರಿಸುತ್ತಿದ್ದರು.

ಮೊದಲು ಇದ್ದದ್ದು ಡೀಸೆಲ್ ಎಂಜಿನ್ನು. ಅದರ ಕೂಕ್ ಕೂಕ್ ಸದ್ದು ಕೆರೆ ಏರಿ ದಾಟಿ ಆಚೆಯ ಹಳ್ಳಿಗಳಿಗೂ ಕೇಳುತ್ತಿತ್ತು. ಸದ್ದು ಕಿವಿಗೆ ಬಿದ್ದ ಮೇಲೆ ಹೆಂಗಸರು ಡಬ್ಬ ತಲೆಗೇರಿಸಿಕೊಂಡು ಹೊರಡುವರು. ನಾನು ಗಲ್ಲದ ಪಕ್ಕ ಕೂತು ಚಿಲ್ಲರೆ ಎಣಿಸುವಷ್ಟು ದೊಡ್ಡವನಾಗುವ ಹೊತ್ತಿಗೆ, ಅಂದರೆ 1974ರ ಸುಮಾರಿಗೆ, ಮೋಟಾರು ಬಂದಿತ್ತು. ಸದ್ದು ಊರು ದಾಟುತ್ತಿರಲಿಲ್ಲ. ಕರೆಂಟು ಯಾವಾಗ ಬರುತ್ತದೋ ಎಂದು ಜನ ಬಂದು ಕೂತು ಕಾಯುವುದು ಶುರುವಾಗಿದ್ದು ಆಗಲೇ. ಅಜ್ಜಿಗೆ ಮಾತ್ರ ಎರಡೂ ಆಗದು. ಆಕೆ ನಸುಕಿನಲ್ಲೆದ್ದು ಬೀಸೋ ಕಲ್ಲು ತಿರುಗಿಸಿ ಬೆಳೆದವಳು. ‘ಮಿಷಿನ್ ಹಿಟ್ಟು ಅಲ್ಲೇ ಬೆಂದೋಗಿರ್ತದೆ, ಆಮೇಲೆ ನೀನೇನು ಬೇಯಿಸ್ತೀಯೆ?’ ಎಂದು ಅವ್ವನನ್ನು ಕೆಣಕುತ್ತಿದ್ದಳು. ಮಾತಿನಲ್ಲಿ ಹುರುಳಿತ್ತು. ಚೀಲದ ಬಾಯಿಂದ ಇಳಿಯುವ ಹಿಟ್ಟು ಕೈ ಇಟ್ಟರೆ ಚುರುಕ್ಕೆನ್ನುವಷ್ಟು ಬಿಸಿ. ತಿಳಿದವರು ಮನೆಗೆ ಹೋಗಿ ಪಂಚೆಯ ಮೇಲೆ ಹರವಿ ಆರಿಸಿಯೇ ಡಬ್ಬಕ್ಕೆ ತುಂಬುವರು. ಇಲ್ಲವಾದರೆ ಬೆವರಿ ಗಂಟುಕಟ್ಟಿ ಮುಗ್ಗಲು ವಾಸನೆ ಹಿಡಿಯುತ್ತದೆ.

ಖಾರದ ಮುದ್ದೆಯ ಗುಟ್ಟು ಇಷ್ಟೇ. ಆ ಕಾಲಕ್ಕೆ ನಮ್ಮಲ್ಲಿದ್ದದ್ದು ಒಂದೇ ಯಂತ್ರ. ಬೆಳಗಿಂದ ರಾಗಿ, ಮಧ್ಯಾಹ್ನ ಅಕ್ಕಿ, ಗೋಧಿ, ಸಂಜೆ ಕೊನೆಗೆ ಸಾರಿನ ಪುಡಿ. ಕಲ್ಲಿನ ಸಂದಿಯಲ್ಲಿ ಪ್ರತಿಸಲವೂ ಒಂದಷ್ಟು ಹಿಟ್ಟು ಉಳಿದೇ ಉಳಿಯುತ್ತದೆ. ಹಾಗಾಗಿ ಮರುದಿನ ಬಾಗಿಲು ತೆಗೆದ ಕೂಡಲೇ ಅಪ್ಪ ನಮ್ಮ ಮನೆಯ ಎರಡು ಸೇರು ರಾಗಿಯನ್ನು ಸುರಿದು ಕಲ್ಲು ತೊಳೆಯುತ್ತಿದ್ದರು. ‘ತೊಳೆಯೋದು’ ಎಂದೇ ಅವರು ಹೇಳುತ್ತಿದ್ದದ್ದು, ನೀರು ಸೋಕಿಸದಿದ್ದರೂ. ಆ ಹಿಟ್ಟು ನಮ್ಮ ಅಡಿಗೆಮನೆಗೆ. ತಿಂಗಳಿಗೊಮ್ಮೆ ಕಲ್ಲಿಗೆ ಉಳಿಯಿಂದ ಹೊಸ ಕಚ್ಚು ಹಾಕಿದಾಗ ಮೊದಲು ಬರುವ ಮರಳುಮರಳಾದ ಹಿಟ್ಟೂ ನಮಗೇ. ಅದನ್ನು ಜರಡಿ ಹಿಡಿಯುವಾಗಲೆಲ್ಲ ‘ಊರಿನವರಿಗೆಲ್ಲ ಹಿಟ್ಟು, ನನಗೆ ಕಲ್ಲು’ ಎಂದು ಅವ್ವ ಗೊಣಗುವಳು.

ಮಿಷಿನ್ನಿನಲ್ಲಿ ಕೂತವನಿಗೆ ಊರಿನ ಅಡಿಗೆಮನೆಗಳೆಲ್ಲ ಗೊತ್ತು. ಎಣ್ಣೆ ಟಿನ್ನಿನ ತುಂಬ ರಾಗಿ ಬಂದರೆ ಕೂಡುಕುಟುಂಬ, ಎರಡು ವಾರದ ಹಿಟ್ಟು. ಪಾವಿನ ಲೆಕ್ಕದಲ್ಲಿ ಬಂದರೆ ಕೂಲಿಯವರು. ಅವತ್ತಿನ ಕೂಲಿ, ಅವತ್ತಿನ ರಾಗಿ. ಕಾಸಿಲ್ಲದವರು ಬೀಸಿದ್ದಕ್ಕೆ ಹಿಟ್ಟನ್ನೇ ಒಂದು ಹಿಡಿ ಬಿಟ್ಟು ಹೋಗುವರು. ಅಕ್ಕಿಯ ಜೊತೆ ಹುರಿದ ಉದ್ದಿನಬೇಳೆ ಇದ್ದರೆ ಚಕ್ಕುಲಿ, ಹಾಗಾದರೆ ಮದುವೆಯೋ ಗೋಕುಲಾಷ್ಟಮಿಯೋ. ಹುರಿದು ಅರಳಿಸಿದ ರಾಗಿ ಬಂದರೆ ಹುರಿಹಿಟ್ಟು. ಮೊಳಕೆ ಕಟ್ಟಿ ಒಣಗಿಸಿದ ರಾಗಿ ಬಂದರಂತೂ ಅಪ್ಪ ತೂಕಕ್ಕೆ ಮುಂಚೆ ಮುಖ ನೋಡುತ್ತಿದ್ದರು: ‘ಏನಕ್ಕಾ, ಮಗಳು ಬಾಣಂತನಕ್ಕೆ ಬಂದವಳಾ?’ ಮಗುವಿನ ಸರಿಗೆ ಬೀಸುವ ಆ ರಾಗಿಗೆ ಕಾಸು ತೆಗೆದುಕೊಂಡದ್ದು ನನಗೆ ನೆನಪಿಲ್ಲ.

ಸಾರಿನ ಪುಡಿಯ ಕಾಲವೆಂದರೆ ಶಿವರಾತ್ರಿ ಕಳೆದ ಮೇಲಿನ ಬಿಸಿಲು. ಮಳೆಗೆ ಮುಂಚೆ ವರ್ಷಕ್ಕಾಗುವಷ್ಟು ಮಾಡಿಡಬೇಕು. ಮೆಣಸಿನಕಾಯಿ ಒಂದಕ್ಕೆ ಒಂದೂವರೆ ಧನಿಯ ಹಾಕುವವರು ಒಂದು ಬೀದಿ, ಎರಡು ಹಾಕುವವರು ಇನ್ನೊಂದು ಬೀದಿ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಕೆಲವರು ಎಣ್ಣೆ ಸೋಕಿಸಿ ಹುರಿದು ತರುವರು, ಕೆಲವರು ಬಿಸಿಲಲ್ಲೇ ಗರಿಗರಿ ಒಣಗಿಸಿ ತರುವರು, ಮೆಂತ್ಯ ಜಾಸ್ತಿ ಮಾಡಿಕೊಂಡು ಎಡವಟ್ಟಾದವರೂ ಉಂಟು. ಕಣ್ಣು ಮುಚ್ಚಿಕೊಂಡು ಘಮದಿಂದಲೇ ಇದು ಯಾರ ಮನೆಯದೆಂದು ಹೇಳುವುದು ನನಗೂ ತಮ್ಮನಿಗೂ ಒಂದು ಆಟ. ಸೀನಿ ಸೀನಿ ಗೆಲ್ಲುತ್ತಿದ್ದವನು ಅವನು.

ಇವತ್ತೇನು ಅಡಿಗೆ ಎಂಬ ಪ್ರಶ್ನೆ ಆಗ ಇರಲಿಲ್ಲ. ಏನು ಸಾರು ಎಂಬುದಷ್ಟೇ ಪ್ರಶ್ನೆ. ಮುದ್ದೆ ಎಂಬುದು ಸೂರ್ಯ ಹುಟ್ಟಿದ ಹಾಗೆ. ಆ ಪ್ರಶ್ನೆಗೂ ಅರ್ಧ ಉತ್ತರ ಸಿಗುತ್ತಿದ್ದದ್ದು ನಮ್ಮ ಜಗಲಿಯ ಸಾಲಿನಲ್ಲಿ. ‘ನಮ್ಮ ಹೊಲದ ಬದುವಲ್ಲಿ ಬೆರಕೆ ಸೊಪ್ಪು ಎದ್ದೈತೆ, ಕುಯ್ಕೊಂಡು ಹೋಗು’ ಎಂದು ಒಬ್ಬಾಕೆ ಹೇಳಿದರೆ ಆವತ್ತು ನಾಲ್ಕು ಮನೆಯಲ್ಲಿ ಮಸ್ಸೊಪ್ಪು. ಹುರುಳಿ ಬೇಯಿಸಿದ ಕಟ್ಟನ್ನು ಒಂದು ಮನೆಯವರು ಇನ್ನೊಂದು ಮನೆಗೆ ಕೊಡುವ ಮಾತೂ ಅಲ್ಲೇ. ಸಂಕ್ರಾಂತಿಯ ಆಸುಪಾಸಿನಲ್ಲಿ ಮಾತ್ರ ಚರ್ಚೆಯೇ ಬೇಡ. ಅವರೆಕಾಯಿ ಇರುವಷ್ಟು ದಿನ ಅವರೆಕಾಯಿ, ಸೊನೆ ಹತ್ತಿ ಬೆರಳುಗಳೆಲ್ಲ ಕಪ್ಪು. ಅನ್ನ ಎಂಬುದು ಹಬ್ಬಕ್ಕೆ, ನೆಂಟರಿಗೆ, ಜ್ವರಕ್ಕೆ. ‘ಯಾಕೆ, ಮೈಗೆ ಹುಷಾರಿಲ್ವಾ?’ ಎಂದು ಕೇಳಿಸಿಕೊಳ್ಳದೆ ಯಾರೂ ವಾರದ ದಿನ ಅನ್ನ ಉಣ್ಣುವಂತಿರಲಿಲ್ಲ.

ಆ ಸಾಲಿನ ಇನ್ನೊಂದು ಸಂಗತಿ ಹೇಳದೆ ಹೋದರೆ ಇದು ಬರೀ ಸಿಹಿ ನೆನಪಾದೀತು. ಅಗ್ರಹಾರದ ಬೀದಿಯ ಒಂದೆರಡು ಮನೆಯವರು ಬೆಳಗ್ಗೆ ಕಲ್ಲು ತೊಳೆದ ತಕ್ಷಣ, ಬೇರೆ ಯಾರ ಕಾಳೂ ಬೀಳುವ ಮೊದಲು ತಮ್ಮದನ್ನು ಬೀಸಿಸಿಕೊಳ್ಳುತ್ತಿದ್ದರು. ಕೇರಿಯವರ ಡಬ್ಬಗಳು ಬಾಗಿಲ ಹೊರಗೆ, ಗೋಡೆಯ ಪಕ್ಕ. ಎಷ್ಟು ಹೊತ್ತಿಗೆ ಬಂದರೂ ಸರದಿ ಕೊನೆಗೆ. ಯಾಕೆಂದು ಕೇಳಿದಾಗ ಅಪ್ಪ ಮುಖ ತಿರುಗಿಸಿ ‘ಊರಿನ ಪದ್ಧತಿ’ ಎಂದಿದ್ದರು. ತುಮಕೂರಿನಲ್ಲಿ ಓದುತ್ತಿದ್ದ ಕೇರಿಯ ಹುಡುಗನೊಬ್ಬ ರಜೆಯಲ್ಲಿ ಬಂದಾಗ ತನ್ನ ಡಬ್ಬವನ್ನು ಸಾಲಿನಲ್ಲೇ, ಬಂದ ಕ್ರಮದಲ್ಲೇ ಇಟ್ಟು, ಪಕ್ಕದಲ್ಲಿ ಕೈಕಟ್ಟಿ ನಿಂತ. ಯಾರೂ ಮಾತಾಡಲಿಲ್ಲ. ಬೆಲ್ಟಿನ ಸದ್ದೊಂದೇ. ಅವನ ಸರದಿ ಬಂದಾಗ ಅಪ್ಪ ಅವನ ಮುಖವನ್ನೊಮ್ಮೆ, ಸಾಲನ್ನೊಮ್ಮೆ ನೋಡಿ ರಾಗಿ ಸುರಿದರು. ಹಿಂದಿದ್ದ ಇಬ್ಬರು ಡಬ್ಬ ಎತ್ತಿಕೊಂಡು ಹೋದರು. ಹದಿನೈದು ದಿನ ಬಿಟ್ಟು ಮತ್ತೆ ಬಂದರು, ಹತ್ತಿರದಲ್ಲಿ ಬೇರೆ ಮಿಷಿನ್ ಇರಲಿಲ್ಲವಲ್ಲ. ಅಪ್ಪ ತಾವಾಗಿಯೇ ಆ ಪದ್ಧತಿ ಮುರಿದರೆಂದು ಹೇಳಿಕೊಳ್ಳುವ ಆಸೆ ನನಗೂ ಇದೆ. ಹಾಗಾಗಲಿಲ್ಲ, ಮುರಿದವನು ಆ ಹುಡುಗ. ಕಲ್ಲಿನ ಸಂದಿಯಲ್ಲಿ ಮಾತ್ರ ಅಗ್ರಹಾರವೂ ಕೇರಿಯೂ ಮೊದಲಿಂದಲೂ ಕಲೆತೇ ಇದ್ದವು, ಅದನ್ನು ಉಂಡವರು ನಾವು.

ರಾಗಿಯೇ ಬದಲಾಗುತ್ತಿದ್ದದ್ದೂ ಆ ವರ್ಷಗಳಲ್ಲೇ. ಮಂಡ್ಯದ ವಿ.ಸಿ. ಫಾರಮ್ಮಿನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ ತೆಗೆದ ಇಂಡಾಫ್ ತಳಿಗಳು ಬಂದವು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’, ಹೆಸರಿನಲ್ಲೇ ಜಾತಕ. ತೆನೆ ದಪ್ಪ, ಇಳುವರಿ ಹೆಚ್ಚು. ಹಸಿರುಕಂಬಿ, ಗಿಡ್ಡರಾಗಿ ಎಂಬ ಹೆಸರುಗಳು ಒಂದೊಂದಾಗಿ ನಮ್ಮ ಜಗಲಿಯಿಂದ ಮರೆಯಾದವು. ಹೊಸ ರಾಗಿ ಎಸರು ಕುಡಿಯುವ ಪರಿಯೇ ಬೇರೆ ಎಂದು ಅವ್ವ ಒಂದು ವರ್ಷ ತಕರಾರು ತೆಗೆದಳು. ಆಮೇಲೆ ಅವಳ ಕೈಯೇ ಅದಕ್ಕೆ ಒಗ್ಗಿತು.

ಮುದ್ದೆ ಯಾಕೆ ಹಿಂದೆ ಸರಿಯಿತು ಎಂದು ಕೇಳಿದರೆ ಜನ ನಾಗರಿಕತೆ, ಶೋಕಿ, ಅಕ್ಕಿಯ ಮೋಹ ಎನ್ನುತ್ತಾರೆ. ಅವೆಲ್ಲ ಇರಬಹುದು. ನನಗೆ ಕಂಡ ಕಾರಣ ಅಡಿಗೆಮನೆಯ ಕಟ್ಟೆ. ಸೌದೆ ಒಲೆ ನೆಲದ ಮೇಲಿತ್ತು. ಕೂತು, ಕವೆಗೋಲಿನಿಂದ ಮಡಕೆಯನ್ನು ಒತ್ತಿ ಹಿಡಿದು, ಕೋಲಿನಿಂದ ಹಿಟ್ಟು ತಿರುವುವಾಗ ಮೈಭಾರವೆಲ್ಲ ಕೆಲಸಕ್ಕೆ ಬರುತ್ತಿತ್ತು. ಗ್ಯಾಸು ಬಂತು, ಒಲೆ ಸೊಂಟದೆತ್ತರಕ್ಕೆ ಏರಿತು. ನಿಂತು ತಿರುವಿದರೆ ಪಾತ್ರೆ ಒಲೆಯ ಮೇಲಿಂದ ಜಾರುತ್ತದೆ, ರಟ್ಟೆ ಬೀಳುತ್ತದೆ. ಪಕ್ಕದಲ್ಲೇ ಕುಕ್ಕರಿದೆ. ಅಕ್ಕಿ, ನೀರು, ಮೂರು ವಿಷಲ್, ಮುಗಿಯಿತು. ಹತ್ತು ಜನರ ಮುದ್ದೆ ತಿರುವಿ ತಿರುವಿ ತೋಳು ನೋಯಿಸಿಕೊಂಡ ಸೊಸೆ ಕುಕ್ಕರಿನ ಕಡೆ ಹೋದದ್ದನ್ನು ಶೋಕಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹಾಗೆನ್ನುವವರು ಯಾರೂ ಕೋಲು ಹಿಡಿದವರಲ್ಲ.

ಮಕ್ಕಳ ನಾಲಿಗೆಯನ್ನು ತಿದ್ದಿದ್ದು ಶಾಲೆ. ನಮ್ಮ ಕಾಲಕ್ಕೆ ಶಾಲೆಯಲ್ಲಿ ಸಿಗುತ್ತಿದ್ದದ್ದು ಹಳದಿ ಬಣ್ಣದ ಕೇರ್ ಸಂಸ್ಥೆಯ ಉಪ್ಪಿಟ್ಟು. ಅದನ್ನು ತಿಂದು ಮನೆಗೆ ಬಂದು ಮುದ್ದೆ ಉಣ್ಣುತ್ತಿದ್ದೆವು. 2003ರಲ್ಲಿ ನಮ್ಮ ಕಡೆಯ ಶಾಲೆಗಳಿಗೆ ಅಕ್ಷರ ದಾಸೋಹ ಬಂತು. ಮಧ್ಯಾಹ್ನ ಬಿಸಿಬಿಸಿ ಅನ್ನ, ಸಾಂಬಾರು. ಹಸಿದ ಮಕ್ಕಳಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಆದರೆ ಹತ್ತು ವರ್ಷ ಮಧ್ಯಾಹ್ನ ಅನ್ನ ಉಂಡ ಹುಡುಗ ರಾತ್ರಿಯೂ ಅದನ್ನೇ ಕೇಳುತ್ತಾನೆ. 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾಗಿ ಕೆಜಿ ಅಕ್ಕಿ ಒಂದು ರೂಪಾಯಿಗೆ ಸಿಕ್ಕಿತು. ಪಾವು ರಾಗಿಗೆ ಕಾಸು ಹೊಂದಿಸಲು ಒದ್ದಾಡುತ್ತಿದ್ದವರ ಮನೆಗಳಲ್ಲಿ ಅವತ್ತು ನಿಜವಾಗಿಯೂ ಹಬ್ಬ. ನಮ್ಮ ಮಿಷಿನ್ನಿಗೆ ಮಾತ್ರ ಕೆಲಸ ಇನ್ನಷ್ಟು ಕಮ್ಮಿಯಾಯಿತು.

ನಡುವೆ ಗೋಧಿ ಕೆಲವು ವರ್ಷ ಕೈ ಹಿಡಿದಿತ್ತು. ಸಕ್ಕರೆ ಕಾಯಿಲೆಯವರಿಗೆ ರಾತ್ರಿ ಚಪಾತಿ ಎಂಬುದು ಊರೂರಿಗೆ ಹಬ್ಬಿ, ರೇಷನ್ ಗೋಧಿ ಹೊತ್ತು ಬರುವವರು ಹೆಚ್ಚಿದರು. 2002ರಲ್ಲಿ ಆಶೀರ್ವಾದ್ ಆಟಾ ಬಂತು, ಅದರ ಹಿಂದೆ ಬೇರೆ ಪ್ಯಾಕೆಟ್ಟುಗಳು. ಎದುರಿನ ಅಂಗಡಿಯಲ್ಲಿ ಅವು ಸಾಲಾಗಿ ನೇತಾಡತೊಡಗಿದ ಮೇಲೆ ಗೋಧಿ ಡಬ್ಬಗಳೂ ನಿಂತವು. ಸಾರಿನ ಪುಡಿ ಪ್ಯಾಕೆಟ್ಟಿನಲ್ಲಿ, ಹುರಿಹಿಟ್ಟು ಪ್ಯಾಕೆಟ್ಟಿನಲ್ಲಿ, ಕೊನೆಗೆ ದೋಸೆಹಿಟ್ಟೂ. ಅಪ್ಪ ಕೊನೆಯ ದಿನಗಳಲ್ಲಿ ಯಂತ್ರ ಓಡಿಸದೆ ಜಗಲಿಯ ಮೇಲೆ ಸುಮ್ಮನೆ ಕೂತಿರುವರು. ಊರಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಮನೆಯಲ್ಲಿ ಮದುವೆ ಎಂಬುದು ಅವರಿಗೆ ತಡವಾಗಿ ತಿಳಿಯುತ್ತಿತ್ತು. ಅವರ ಸಂಕಟ ದುಡ್ಡಿನದ್ದಲ್ಲ, ಅದು ಎಂದು ನನ್ನ ಅನುಮಾನ.

ರಾಗಿ ಮತ್ತೆ ಬಂದಿದೆ. ಬಂದಿರುವುದು ಊಟವಾಗಿಯಲ್ಲ, ಔಷಧಿಯಾಗಿ. ಮುದ್ದೆ ತಿಂದರೆ ಸಕ್ಕರೆ ಏರುವುದೇ ಇಲ್ಲವೆಂದು ನಂಬಿ ಎರಡೆರಡು ಮುದ್ದೆ ಬಾರಿಸುವ ಸಂಬಂಧಿಕರು ನನಗಿದ್ದಾರೆ; ಅವರ ಸಕ್ಕರೆಗೆ ಈ ನಂಬಿಕೆ ಗೊತ್ತಿಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲಂತೂ, ಒಂದು ಕಾಲಕ್ಕೆ ಬಡವರ ಕಾಳು ಎನ್ನಿಸಿಕೊಂಡಿದ್ದ ಸಾಮೆ, ಹಾರಕ, ಕೊರಲೆಗಳು ಬೆಂಗಳೂರಿನ ಗಾಜಿನ ಅಂಗಡಿ ಸೇರಿವೆ. 2024-25ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ ಇತ್ತು. ಬೆಳೆದವರು ಕಣದಿಂದಲೇ ಖರೀದಿ ಕೇಂದ್ರಕ್ಕೆ ಸಾಗಿಸಿ, ಮನೆಗೆ ಬೇಕಾದಾಗ ಅಂಗಡಿಯಿಂದ ಒಂದು ಕೆಜಿ ರಾಗಿಹಿಟ್ಟು ತರುತ್ತಾರೆ. ಬೆಲೆ ಸಿಕ್ಕಿದ್ದು ಒಳ್ಳೆಯದೇ. ಆದರೂ ರಾಗಿ ಬೆಳೆದವನ ಕೈಯಲ್ಲಿ ರಾಗಿಹಿಟ್ಟಿನ ಪ್ಯಾಕೆಟ್ಟು ನೋಡಿದಾಗ ನನಗೆ ಮೊದಲ ಸಲ ನಗು ಬಂದಿತ್ತು, ಈಗ ಬರುವುದಿಲ್ಲ.

ಮಿಷಿನ್ನು ಈಗ ತಮ್ಮನದು. ಕಲ್ಲು ಒಂದು ಮೂಲೆಯಲ್ಲಿದೆ, ಪಕ್ಕದಲ್ಲಿ ಸಾರಿನ ಪುಡಿಗೆಂದೇ ಬೇರೆ ಯಂತ್ರ. ವಾರದ ದಿನ ನಾಲ್ಕಾರು ಡಬ್ಬ. ಶನಿವಾರ, ಭಾನುವಾರ ಬೆಂಗಳೂರಿನಿಂದ ಊರಿಗೆ ಬಂದವರು ಕಾರಿನಲ್ಲಿ ಹತ್ತಿಪ್ಪತ್ತು ಕೆಜಿ ರಾಗಿ ತಂದು ನಿಲ್ಲಿಸುತ್ತಾರೆ. ಕಳೆದ ದೀಪಾವಳಿಗೆ ನಾನು ಹೋಗಿದ್ದಾಗ ಒಬ್ಬ ಹೆಣ್ಣುಮಗಳು ಬಂದಿದ್ದಳು. ‘ಅಣ್ಣಾ, ಕಲ್ಲಲ್ಲಿ ಗೋಧಿ ಇರಬಾರದು. ಬೇರೆ ಯಾರದೂ ಮಿಕ್ಸ್ ಆಗೋದು ಬೇಡ, ನಮ್ಮದೇ ಮೊದಲು ಹಾಕಿಬಿಡಿ’ ಎಂದಳು. ನನಗೆ ತಟ್ಟನೆ ಅಗ್ರಹಾರದ ಬೀದಿ ನೆನಪಾಗಿ ಏನೋ ಅನ್ನಲು ಹೊರಟಿದ್ದೆ. ಅಷ್ಟರಲ್ಲಿ ಆಕೆಯೇ ಹೇಳಿದಳು: ಮಗುವಿಗೆ ಗೋಧಿ ಆಗುವುದಿಲ್ಲ, ಚೂರು ಬಿದ್ದರೂ ಆಸ್ಪತ್ರೆ. ಬಾಯಿ ಮುಚ್ಚಿಕೊಂಡೆ. ತಮ್ಮ ಹೂಂಗುಟ್ಟಿ ಕಲ್ಲು ಬಿಚ್ಚಿ ಬ್ರಷ್ಷು ಹಾಕಿ ಉಜ್ಜಿದ. ಮತ್ತೆ ಜೋಡಿಸಿ, ಒಳಗಿನಿಂದ ಮನೆಯ ರಾಗಿ ತಂದು ಎರಡು ಸೇರು ಸುರಿದ. ಅದು ಸಾಲದೆಂದು ಇನ್ನೆರಡು. ಅದಾದ ಮೇಲೆ ಆಕೆಯದು.

ಮಧ್ಯಾಹ್ನ ನಾದಿನಿ ಕಲ್ಲು ತೊಳೆದ ಹಿಟ್ಟಿನಲ್ಲೇ ಮುದ್ದೆ ಮಾಡಿದಳು, ಜೊತೆಗೆ ಅವರೆಕಾಳಿನ ಸಾರು. ಅವ್ವನಿಗೆ ಈಗ ಎಂಬತ್ತೆಂಟು. ಹಲ್ಲಿಲ್ಲ, ಕಣ್ಣು ಮಂದ, ಮುದ್ದೆಗೆ ಹಲ್ಲೂ ಬೇಡವಲ್ಲ. ಮೊದಲ ತುತ್ತು ಸಾರಿಗದ್ದಿ ನುಂಗಿದವಳು, ಎರಡನೆಯದನ್ನು ಬರಿದೇ ನಾಲಿಗೆಯ ಮೇಲಿಟ್ಟುಕೊಂಡು ತುಸು ಹೊತ್ತು ಕೂತಳು.

‘ಯಾರದೋ ಗೋಧಿ ಬಿದ್ದೈತೆ’ ಎಂದಳು. ಆಮೇಲೆ, ‘ನಿನ್ನೆ ಯಾರ ಮನೇದು ಬೀಸ್ದೆ ಮಗಾ?’ ಎಂದು ತಮ್ಮನನ್ನು ಕೇಳಿದಳು.