ಹಣ್ಣು ಮಾಗಿದ ದಿನದ ಮಿಲ್ಕ್‌ಶೇಕ್

ಭದ್ರಾವತಿಯವರಿಗೆ ಊರು ಒಂದಲ್ಲ, ಮೂರು. ಲಕ್ಷ್ಮೀನರಸಿಂಹ ದೇವಸ್ಥಾನವಿರುವ ಓಲ್ಡ್ ಟೌನ್, ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸುಗಳ ನ್ಯೂ ಟೌನ್, ಮೈಸೂರು ಪೇಪರ್ ಮಿಲ್ಸ್ (ಎಂಪಿಎಂ) ಕಟ್ಟಿದ ಪೇಪರ್ ಟೌನ್. ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಊರಿನಲ್ಲಿ 1918ರಲ್ಲಿ ಕಾರ್ಖಾನೆಯ ಕೆಲಸ ಶುರುವಾಗಿ, 1923ರಲ್ಲಿ ಕಬ್ಬಿಣ ಹೊರಬಂತು. 1936ರಲ್ಲಿ ಕಾಗದದ ಕಂಪನಿಯೂ ಸ್ಥಾಪನೆಯಾಯಿತು. ತಿಂಗಳ ಸಂಬಳ ಬರುವ ಮನೆಗಳು ಹೆಚ್ಚಿದಂತೆ ಓಲ್ಡ್ ಟೌನಿನ ಪೇಟೆಗೂ ಕಳೆ ಬಂತು. ನಾನು ಕಂಡ ಮಿಲ್ಕ್‌ಶೇಕ್ ಅಂಗಡಿಗಳೆಲ್ಲ ಆ ಸಂಬಳದ ನೆರಳಿನಲ್ಲೇ ಬೆಳೆದವು.

ಎಂಬತ್ತರ ದಶಕದಲ್ಲಿ ಅವುಗಳಿಗೆ ಮಿಲ್ಕ್‌ಶೇಕ್ ಅಂಗಡಿ ಎಂಬ ಹೆಸರೇನೂ ಇರಲಿಲ್ಲ. ಹಣ್ಣಿನ ಗಾಡಿಗಳ ಸಾಲಿನ ಹಿಂದೆ ಒಂದು ಪುಟ್ಟ ಮಳಿಗೆ, ಎದುರಿಗೆ ಕಟ್ಟೆ, ಕಟ್ಟೆಯ ಮೇಲೆ ಮಿಕ್ಸಿ, ಮೂಲೆಯಲ್ಲಿ ಭದ್ರಾವತಿ ಆಕಾಶವಾಣಿ ಹಾಡುವ ರೇಡಿಯೊ. ಐಸ್ ಗಟ್ಟಿಯನ್ನು ಮರದ ಹೊಟ್ಟಿನಲ್ಲಿ ಹುದುಗಿಸಿ, ಗೋಣಿಚೀಲ ಸುತ್ತಿ ಇಡುತ್ತಿದ್ದರು. ಬೇಕಾದಾಗ ತೊಳೆದು, ಸುತ್ತಿಗೆಯಿಂದ ಕುಟ್ಟಿ ಹಾಕಬೇಕು. ಕರೆಂಟು ಹೋದರೆ ವ್ಯಾಪಾರ ನಿಲ್ಲುತ್ತಿತ್ತು. ಗಿರಾಕಿಗಳು ಬೆಂಚಿನ ಮೇಲೆ ಕಾಯುತ್ತಿದ್ದರು. ನಮ್ಮಪ್ಪ ಕಾರ್ಖಾನೆಯ ಕೆಲಸದವರು. ಸಂಬಳವಾದ ವಾರ ಸಾಮಾನು ತರಲು ನಮ್ಮನ್ನೂ ಕರೆದುಕೊಂಡು ಹೊಳೆ ದಾಟಿ ಪೇಟೆಗೆ ಹೋದರೆ, ವಾಪಸು ಬರುವಾಗ ಚಿಕ್ಕು ಶೇಕ್ ಗ್ಯಾರಂಟಿ.

ನಾವು ಹೋಗುತ್ತಿದ್ದ ಅಂಗಡಿಯ ಹಿರಿಯರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಎಷ್ಟೋ ಸಲ ಅವರು ಕೇಳಿದ್ದನ್ನು ಕೊಡುತ್ತಿರಲಿಲ್ಲ. “ಚಿಕ್ಕು ಇವತ್ತು ಬೇಡ ಸ್ವಾಮಿ, ಇನ್ನೂ ಗಟ್ಟಿ ಇದೆ, ಮಕ್ಕಳ ನಾಲಿಗೆ ಒಗರಾಗುತ್ತೆ. ಬಾಳೆಹಣ್ಣಿಂದು ಮಾಡ್ಲಾ?” ಅನ್ನುತ್ತಿದ್ದರು. ಬಲಿಯದ ಸಪೋಟದಲ್ಲಿ ಒಗರೂ ಹಾಲಿನಂಥ ಅಂಟೂ ಇರುತ್ತದೆ. ಎಷ್ಟು ಸಕ್ಕರೆ ಸುರಿದರೂ ಅದು ಹೋಗದು. ಮಾಗಿದ ಹಣ್ಣಿಗೆ ಸಕ್ಕರೆಯೇ ಬೇಡ. ಗಾಡಿಯವರ ಹತ್ತಿರ ಬೆಳಗ್ಗೆ ಹದವಾಗಿದ್ದ ಹಣ್ಣು ಸಂಜೆಗೆ ಮೆತ್ತಗಾಗಿ, ಮನೆಗೆ ಕೊಳ್ಳುವವರು ಮುಟ್ಟದೆ ಬಿಡುತ್ತಾರೆ. ಅದೇ ಹೊತ್ತಿಗೆ ಅದರ ರುಚಿ, ಪರಿಮಳ ತುದಿ ಮುಟ್ಟಿರುತ್ತದೆ. ಚಾಚಾ ಸಂಜೆ ಎದ್ದು ಗಾಡಿಗಳ ಬಳಿ ಹೋಗಿ, ಒಂದೊಂದನ್ನೂ ಮೂಸಿ, ಅಂಥ ಹಣ್ಣನ್ನೇ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದರು. ಗಾಡಿಯವನಿಗೆ ನಷ್ಟ ತಪ್ಪುತ್ತಿತ್ತು, ಅಂಗಡಿಗೆ ಅಗ್ಗಕ್ಕೆ ಒಳ್ಳೆಯ ಮಾಲು ಸಿಗುತ್ತಿತ್ತು, ನಮಗೆ ಒಳ್ಳೆಯ ಶೇಕ್. ಒಂದು ದಿನವೂ ಕಾಯಲಾರದ ಹಣ್ಣಿಗೆ ಆ ಅಂಗಡಿಯೇ ಆಸರೆ.

ಯಾವ ಹಣ್ಣು ಹಾಲಿಗೆ ಹೊಂದುತ್ತದೆ ಎಂಬ ತಿಳಿವಳಿಕೆಯೂ ಅಲ್ಲಿತ್ತು. ಅನಾನಸನ್ನು ನೀರಿನ ಜ್ಯೂಸಿಗಷ್ಟೇ ಬಳಸುತ್ತಿದ್ದರು. ಹಸಿ ಅನಾನಸಿನಲ್ಲಿರುವ ಕಿಣ್ವ ಹಾಲಿನ ಪ್ರೋಟೀನನ್ನು ಮುರಿದು ಕಹಿ ಮಾಡುತ್ತದೆ ಎಂದು ನಾನು ಓದಿ ತಿಳಿದದ್ದು ಬಹಳ ತಡವಾಗಿ. ಅವರಿಗೆ ಅದು ಕೈಯ ಅನುಭವದಿಂದ ಗೊತ್ತಿತ್ತು. ಬಾಳೆಯಲ್ಲಿ ಪರಿಮಳಕ್ಕೆ ಪುಟ್ಟಬಾಳೆ, ದಪ್ಪಕ್ಕೆ ಪಚ್ಚಬಾಳೆ. ಬೇಸಿಗೆಯಲ್ಲಿ ಬಾದಾಮಿ ಮಾವು. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳ ಕಡೆಯಿಂದ ಬಟರ್‌ಫ್ರೂಟ್ ಬಂದರೆ ಅದಕ್ಕೇ ಕಾದು ಕೂರುವವರಿದ್ದರು. ಮಳೆ ಹಿಡಿದರೆ ಮಿಕ್ಸಿಗೆ ಬಿಡುವು, ಒಲೆಯ ಮೇಲೆ ಬಿಸಿ ಬಾದಾಮಿ ಹಾಲು. ರಂಜಾನ್ ತಿಂಗಳಲ್ಲಿ ಉಪವಾಸ ಬಿಡುವ ಹೊತ್ತಿಗೆ ಕಾಮಕಸ್ತೂರಿ ಬೀಜ ಹಾಕಿದ ಫಲೂದಾ ಕಟ್ಟೆಗೆ ಬರುತ್ತಿತ್ತು. ಆಗ ಯಾವ ಧರ್ಮದವರು ಯಾವ ಲೋಟ ಹಿಡಿದಿದ್ದಾರೆಂದು ಯಾರೂ ನೋಡುತ್ತಿರಲಿಲ್ಲ.

ಹಾಲು ಬದಲಾದದ್ದು ಒಳ್ಳೆಯದಕ್ಕೇ. ಮೊದಲು ಮನೆಯಲ್ಲಿ ಎಮ್ಮೆ ಸಾಕಿದವರು ಹಾಲು ತಂದುಕೊಡುತ್ತಿದ್ದರು. ಒಂದು ದಿನ ಗಟ್ಟಿ, ಒಂದು ದಿನ ನೀರು. ಆಮೇಲೆ ಶಿವಮೊಗ್ಗ ರಸ್ತೆಯ ಮಾಚೇನಹಳ್ಳಿ ಡೇರಿಯ ನಂದಿನಿ ಪ್ಯಾಕೆಟ್ಟುಗಳು ಬಂದವು. ಅಂಗಡಿಗೆ ಫ್ರಿಜ್ ಬಂದ ಮೇಲೆ ಪ್ಯಾಕೆಟ್ಟನ್ನೇ ಹೆಪ್ಪುಗಟ್ಟಿಸಿ, ಕುಟ್ಟಿ, ಮಿಕ್ಸಿಗೆ ಹಾಕುವ ಪದ್ಧತಿ ಶುರುವಾಯಿತು. ಐಸ್ ಕರಗಿ ಶೇಕ್ ನೀರಾಗುವುದು ಅದರಿಂದ ತಪ್ಪಿತು. ಟೋನ್ಡ್ ಹಾಲಿನಲ್ಲಿ ಕೊಬ್ಬಿನಂಶ ಶೇಕಡಾ 3, ನಂದಿನಿಯದೇ ಶುಭಂ ಹಾಲಿನಲ್ಲಿ 4.5. ಅಷ್ಟು ವ್ಯತ್ಯಾಸವೂ ಲೋಟದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಕೆಟ್ಟ ಕಾಲ ಬಂದದ್ದು ಸಂಬಳದ ಕಡೆಯಿಂದ. 1998ರಲ್ಲಿ ಕಬ್ಬಿಣದ ಕಾರ್ಖಾನೆ, ಅಂದರೆ ವಿಐಎಸ್‌ಎಲ್, ಭಾರತೀಯ ಉಕ್ಕು ಪ್ರಾಧಿಕಾರದೊಳಗೆ ವಿಲೀನವಾಯಿತು, ವರ್ಷದಿಂದ ವರ್ಷಕ್ಕೆ ಕೆಲಸಗಾರರು ಕಡಿಮೆಯಾದರು. 2015ರಲ್ಲಿ ಎಂಪಿಎಂ ಉತ್ಪಾದನೆ ನಿಂತಿತು. ಕೈಯಲ್ಲಿ ಕಾಸಿಲ್ಲದಾಗ ಮನೆಯವರು ಮೊದಲು ಬಿಡುವುದು ಇಂಥ ಸಣ್ಣ ಸುಖವನ್ನೇ. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾದಿಂದ ದೇಶವೇ ಬಾಗಿಲು ಹಾಕಿದಾಗ ಜ್ಯೂಸ್ ಅಂಗಡಿಗಳಿಗೆ ವರ್ಷದ ದುಡಿಮೆಯ ಕಾಲವೇ ಹೋಯಿತು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಹೊರಬಿದ್ದು ಕಾರ್ಮಿಕರು ಧರಣಿ ಕೂತರು. ಆ ಆಗಸ್ಟ್‌ನಲ್ಲಿ ಕಾರ್ಖಾನೆಯ ಬಾರ್ ಮಿಲ್ ಮತ್ತೆ ಓಡಿದಾಗ ಪೇಟೆಯಲ್ಲೂ ಒಂದು ನೆಮ್ಮದಿಯ ನಿಟ್ಟುಸಿರು ಕೇಳಿಸಿತು.

ಈಗ ಭದ್ರಾವತಿಯಲ್ಲೂ ಶಿವಮೊಗ್ಗದಲ್ಲೂ ಬಣ್ಣದ ದೀಪಗಳ ಹೊಸ ಶೇಕ್ ಅಂಗಡಿಗಳಿವೆ. ಹುಡುಗರು ಗುಂಪಾಗಿ ಕೂತು ಮಾತಾಡಲು ಒಂದು ಜಾಗ ಸಿಕ್ಕಿದೆ, ಅದು ಸಂತೋಷವೇ. ಆದರೆ ಹಲವು ಕಡೆ ಹಣ್ಣಿನ ಬದಲು ಸಿರಪ್, ಪುಡಿ, ಬಿಸ್ಕತ್ತು, ಮೇಲೊಂದು ಐಸ್‌ಕ್ರೀಮಿನಂಥ ಉಂಡೆ. ಐಸ್‌ಕ್ರೀಮ್ ಎನ್ನಿಸಿಕೊಳ್ಳಲು ಶೇಕಡಾ 10ರಷ್ಟಾದರೂ ಹಾಲಿನ ಕೊಬ್ಬು ಇರಬೇಕೆಂಬ ನಿಯಮವಿದೆ. ಸಸ್ಯದ ಎಣ್ಣೆಯಿಂದ ಮಾಡಿದ್ದಕ್ಕೆ ಫ್ರೋಜನ್ ಡೆಸರ್ಟ್ ಎಂದೇ ಡಬ್ಬಿಯ ಮೇಲೆ ಬರೆದಿರುತ್ತದೆ. ಲೋಟದೊಳಗೆ ಬಿದ್ದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಸಿರಪ್ಪಿಗೆ ಕಾಲವಿಲ್ಲ, ಅದು ಮಾಗುವುದೂ ಇಲ್ಲ. ಹಾಗಾಗಿ ಆ ಅಂಗಡಿಗೆ ಗಾಡಿಯವನ ಅಗತ್ಯವೇ ಬೀಳುವುದಿಲ್ಲ. ನನಗೆ ಸಂಕಟವಾಗುವುದು ಅಲ್ಲಿ.

ಒಳ್ಳೆಯ ಮಿಲ್ಕ್‌ಶೇಕ್ ಎಲ್ಲಿ ಸಿಗುತ್ತದೆಂದು ಊರಿಗೆ ಬಂದ ನೆಂಟರು ಕೇಳಿದರೆ ನಾನು ಅಂಗಡಿಯ ಹೆಸರು ಹೇಳುವುದಿಲ್ಲ, ಹಣ್ಣಿನ ಗಾಡಿಗಳಿರುವ ಬೀದಿಗೆ ಹೋಗಿ ಎನ್ನುತ್ತೇನೆ. ಓಲ್ಡ್ ಟೌನಿನಲ್ಲಾಗಲಿ, ಶಿವಮೊಗ್ಗದ ಗಾಂಧಿ ಬಜಾರಿನ ಸುತ್ತಲಾಗಲಿ, ಹಣ್ಣು ಎದುರಿಗೇ ಇಟ್ಟು, ನಿಮ್ಮ ಮುಂದೆಯೇ ಸಿಪ್ಪೆ ತೆಗೆಯುವ ಅಂಗಡಿ ನೋಡಿ. ಇವತ್ತು ಯಾವ ಹಣ್ಣು ಚೆನ್ನಾಗಿದೆ ಅಂತ ಕೇಳಿ, ಅವರು ಹೇಳಿದ್ದನ್ನೇ ಕುಡಿಯಿರಿ. ಹಾಗೆಯೇ ರಸ್ತೆ ಅಗಲವಾಗುವಾಗ ಆ ಗಾಡಿಗಳನ್ನು ಊರಾಚೆಗೆ ಅಟ್ಟಬಾರದು. ಬೀದಿ ವ್ಯಾಪಾರಿಗಳಿಗೆ ಜಾಗ ಗುರುತಿಸಿ ಕೊಡಬೇಕೆಂದು 2014ರ ಕಾಯ್ದೆಯೇ ಹೇಳುತ್ತದೆ. ಆ ಜಾಗ ಜ್ಯೂಸ್ ಅಂಗಡಿಗಳ ಮಗ್ಗುಲಲ್ಲೇ ಇರಲಿ. ಗಾಡಿ ಹೋದರೆ ಹಣ್ಣು ಹೋಗುತ್ತದೆ. ಹಣ್ಣು ಹೋದ ಅಂಗಡಿಯಲ್ಲಿ ಉಳಿಯುವುದು ತಣ್ಣನೆಯ ಸಿಹಿ ಹಾಲು ಮಾತ್ರ.