ಹತ್ತನೇ ಆನಿವರ್ಸರಿ, ಜಪಾನ್ (ಭಾಗ 4): ಚಾಪ್‌ಸ್ಟಿಕ್ ಹತ್ರ ನಿಂತುಹೋದ ಕೈ

ಹಿಂದಿನ ಮೂರು ಭಾಗ ಓದಿ ಮೆಸೇಜ್ ಮಾಡಿದವರಲ್ಲಿ ಸುಮಾರು ಜನ ಕೇಳಿದ್ದು ಒಂದೇ ಪ್ರಶ್ನೆ. "ಆನಿವರ್ಸರಿ ಟ್ರಿಪ್ ಅಂತೀರಾ, ಇಬ್ರೂ ಕಿಮೋನೋ ಹಾಕ್ಕೊಂಡ ಫೋಟೋ ಎಲ್ಲಿ?"

ಇಲ್ಲ. ತೆಗೆಸಲೇ ಇಲ್ಲ. ಯಾಕೆ ಅಂತ ಇವತ್ತು ಹೇಳ್ತೀನಿ. ಸ್ವಲ್ಪ ಉದ್ದ ಇದೆ, ಕಾಫಿ ಹಿಡ್ಕೊಂಡು ಕೂತ್ಕೊಳ್ಳಿ.

ನನ್ನ ಮೊದಲ ಪ್ಲಾನ್ ಹೇಗಿತ್ತು ಅಂದ್ರೆ, ಎಂಟು ದಿನ, ಹದಿನಾಲ್ಕು ಜಾಗ. ಕ್ಯೋಟೋದಲ್ಲಿ ಕಿಮೋನೋ ಬಾಡಿಗೆಗೆ ತಗೊಂಡು ಫೋಟೋಶೂಟ್, ಫುಶಿಮಿ ಇನಾರಿಯ ಕೆಂಪು ತೋರಣಗಳು, ಅರಾಶಿಯಾಮದ ಬಿದಿರು ಕಾಡು, ಫ್ಯೂಜಿ ಕಾಣೋ ಕಿಟಕಿಯ ಹೋಟೆಲ್. ಎಕ್ಸೆಲ್ ಶೀಟಲ್ಲಿ ಬಣ್ಣ ಬಣ್ಣದ ಕಾಲಂ ಮಾಡಿ ಇವರ ಮುಂದೆ ಲ್ಯಾಪ್‌ಟಾಪ್ ಇಟ್ಟೆ. ಇವರು ನೋಡಿ, "ಚೆನ್ನಾಗಿದೆ, ನಿಂಗೆ ಎಲ್ಲಿ ಇಷ್ಟಾನೋ ಅಲ್ಲಿಗೇ ಹೋಗೋಣ" ಅಂದ್ರು. ಅಷ್ಟೇ.

ಮದುವೆಯಾಗಿ ಹತ್ತು ವರ್ಷ ಆದವರಿಗೆ ಈ "ನಿಂಗೆ ಎಲ್ಲಿ ಇಷ್ಟಾನೋ ಅಲ್ಲಿಗೇ" ಎಂಬುದರ ಅರ್ಥ ಗೊತ್ತಿರುತ್ತೆ. ಅವತ್ತು ರಾತ್ರಿ ಜಗಳ ಆಯ್ತು.

ಹಿನ್ನೆಲೆ ಹೇಳಬೇಕು. ಅದರ ಹಿಂದಿನ ವರ್ಷ ಮಾವ ತೀರಿಕೊಂಡಿದ್ದರು. ಒಂಬತ್ತನೇ ಆನಿವರ್ಸರಿಗೆ ಮನೇಲಿ ಒಂದು ಕೇಕ್ ಕೂಡ ಇರಲಿಲ್ಲ. ವರ್ಷಾಬ್ದಿಕ ಮುಗೀತು, ಎಲ್ಲರೂ ಅವರವರ ಕೆಲಸಕ್ಕೆ ಹೊರಟರು. ಇವರೂ ಹೊರಟರು. ಆದರೆ ಇವರು ಅಳಲೇ ಇಲ್ಲ. ಕರ್ಮದ ದಿನಗಳಲ್ಲೂ ಇಲ್ಲ, ಆಮೇಲೂ ಇಲ್ಲ. ಅಪ್ಪನ ವಿಷಯ ಬಂದ್ರೆ ಎದ್ದು ನೀರು ಕುಡಿಯೋಕೆ ಹೋಗೋರು. ಜಪಾನಿಗೆ ಹೋದ್ರೆ ಸರಿ ಹೋಗ್ತಾರೆ ಅಂತ ನಾನು ಅಂದ್ಕೊಂಡಿದ್ದೆ. ಫೋಟೋಶೂಟ್‌ನಲ್ಲಿ ನಗಲೇಬೇಕಲ್ವಾ?

ಪ್ಲಾನ್ ಬದಲಾಗಿದ್ದು ಊಟದ ಕಾರಣಕ್ಕೆ. ಮಾವ ಹೋದ ವರ್ಷ ಇವರು ಈರುಳ್ಳಿ, ಬೆಳ್ಳುಳ್ಳಿ ಬಿಟ್ಟಿದ್ರು. ವರ್ಷ ಕಳೆದ ಮೇಲೂ ಮತ್ತೆ ಶುರು ಮಾಡಲಿಲ್ಲ. ಜಪಾನಿನಲ್ಲಿ ಸಸ್ಯಾಹಾರಿಗಳಿಗೆ ದೊಡ್ಡ ಕಷ್ಟ "ದಾಶಿ". ನೋಡೋಕೆ ಬರೀ ತರಕಾರಿ ಸಾರು, ಆದರೆ ಅದರ ತಳದಲ್ಲಿ ಸಾಮಾನ್ಯವಾಗಿ ಒಣಗಿಸಿದ ಮೀನಿನ ರಸ ಇರುತ್ತೆ. ಹುಡುಕ್ತಾ ಹುಡುಕ್ತಾ ಸಿಕ್ಕಿದ್ದು ಕೋಯಾಸಾನ್. ಒಸಾಕಾದ ದಕ್ಷಿಣಕ್ಕೆ, ವಾಕಾಯಾಮ ಪ್ರಾಂತ್ಯದಲ್ಲಿ, ಸುಮಾರು 800 ಮೀಟರ್ ಎತ್ತರದ ಬೆಟ್ಟದ ಮೇಲಿರುವ ದೇವಸ್ಥಾನಗಳ ಊರು. 816ರಲ್ಲಿ ಕೂಕಾಯ್ ಎಂಬ ಬೌದ್ಧ ಸನ್ಯಾಸಿ ಚಕ್ರವರ್ತಿಯ ಅನುಮತಿ ಪಡೆದು ಕಟ್ಟಲು ಶುರು ಮಾಡಿದ್ದು. ಅಲ್ಲಿನ ಐವತ್ತರಷ್ಟು ದೇವಸ್ಥಾನಗಳಲ್ಲಿ ರಾತ್ರಿ ಉಳಿದುಕೊಳ್ಳಬಹುದು. ಅಲ್ಲಿ ಬಡಿಸೋದು ಶೋಜಿನ್ ರ್ಯೋರಿ, ಅಂದ್ರೆ ಸನ್ಯಾಸಿಗಳ ಊಟ. ಮಾಂಸ ಇಲ್ಲ, ಮೀನಿಲ್ಲ, ಈರುಳ್ಳಿ ಬೆಳ್ಳುಳ್ಳಿನೂ ಇಲ್ಲ. ಸಾರಿನ ರುಚಿ ಕಡಲಕಳೆ ಮತ್ತು ಅಣಬೆಯಿಂದ.

ಇವರಿಗೆ ತೋರಿಸಿದಾಗ ಮೊದಲ ಸಲ ಲ್ಯಾಪ್‌ಟಾಪ್ ತಮ್ಮ ಕಡೆ ತಿರುಗಿಸಿಕೊಂಡ್ರು. ನಾನು ಆರು ಜಾಗ ಡಿಲೀಟ್ ಮಾಡಿದೆ. ಅದರಲ್ಲಿ ಕಿಮೋನೋ ಫೋಟೋಶೂಟೂ ಒಂದು.

📷 ಫೋಟೋ 1: ಒಸಾಕಾದ ನಂಬಾ ಸ್ಟೇಷನ್. ಇಲ್ಲಿಂದ ನಾನ್‌ಕಾಯ್ ರೈಲಲ್ಲಿ ಗೊಕುರಾಕುಬಾಶಿಗೆ. ಲಿಮಿಟೆಡ್ ಎಕ್ಸ್‌ಪ್ರೆಸ್ ಆದ್ರೆ ಒಂದೂವರೆ ಗಂಟೆ ಒಳಗೇ. ಅಲ್ಲಿಂದ ಐದು ನಿಮಿಷ ಕೇಬಲ್ ಕಾರ್, ಆಮೇಲೆ ಬಸ್ಸು. ಇದು ಜೆಆರ್ ರೈಲಲ್ಲ, ಆ ಪಾಸ್ ಇಲ್ಲಿ ನಡೆಯಲ್ಲ. ಏಳು ದಿನದ ಪಾಸ್ ಬೆಲೆ 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ 50,000 ಯೆನ್‌ಗೆ ಏರಿದೆ. ನಿಮ್ಮ ರೂಟ್ ಲೆಕ್ಕ ಹಾಕದೆ ಕೊಳ್ಳಬೇಡಿ. ದೊಡ್ಡ ಸೂಟ್‌ಕೇಸನ್ನು ಹೋಟೆಲಿಂದಲೇ ಮುಂದಿನ ಊರಿಗೆ ಕೊರಿಯರ್ ಮಾಡಿ, ಬೆಟ್ಟಕ್ಕೆ ಒಂದು ಬ್ಯಾಗ್ ಸಾಕು.

📷 ಫೋಟೋ 2: ನಮ್ಮ ಕೋಣೆ. ಚಾಪೆಯಂಥ ತತಾಮಿ ನೆಲ, ಎರಡು ಬೇರೆ ಬೇರೆ ಹಾಸಿಗೆ. ಸ್ನಾನದ ಮನೆ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಊಟ ಸಂಜೆ ಐದೂವರೆಗೆ. "ಇದಾ ನಿನ್ನ ರೊಮ್ಯಾಂಟಿಕ್ ಟ್ರಿಪ್ಪು?" ಅಂತ ಇವರು ನಕ್ಕರು.

ಸ್ನಾನ ಮುಗಿಸಿ ಯುಕಾತಾ ಹಾಕ್ಕೊಂಡು ಬಂದ್ರು. ಅದು ನಿಲುವಂಗಿ ಥರದ ಹತ್ತಿ ಬಟ್ಟೆ. ಹಾಕ್ಕೊಂಡಿದ್ದು ಉಲ್ಟಾ. ಯಾವಾಗಲೂ ಎಡಭಾಗ ಮೇಲೆ ಬರಬೇಕು. ಬಲಭಾಗ ಮೇಲೆ ಬರೋದು ಸತ್ತವರಿಗೆ ತೊಡಿಸುವಾಗ ಮಾತ್ರ. ಮಡಚಿ ಸರಿ ಮಾಡ್ತಾ ಹೇಳಿದೆ. ಇವರು ಒಂದು ಕ್ಷಣ ಸುಮ್ಮನಿದ್ದು, "ನಮ್ಮ ಜನಿವಾರದ ಥರ" ಅಂದ್ರು. ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತೆ, ಪಿತೃಕಾರ್ಯದಲ್ಲಿ ಜನಿವಾರ ಬಲಭುಜಕ್ಕೆ ಬದಲಾಗುತ್ತೆ. ಅದು ಅಪಸವ್ಯ.

📷 ಫೋಟೋ 3: ಊಟ. ಕೆಂಪು ಕಾಲುಮಣೆ ಥರದ ಪುಟ್ಟ ಮೇಜು. ಕೋಯಾ ತೋಫು, ಎಳ್ಳಿನ ತೋಫು, ಕುಂಬಳಕಾಯಿ ತೆಂಪುರಾ, ಅನ್ನ, ಸಾರು, ಉಪ್ಪಿನಕಾಯಿ. ಇವರು ಹೊಟ್ಟೆ ತುಂಬಾ ತಿಂದ್ರು. ನನ್ನ ತಟ್ಟೆಯ ಕುಂಬಳಕಾಯಿ ಖಾಲಿಯಾಗಿದ್ದು ನೋಡಿ, ತಮ್ಮದನ್ನು ಚಾಪ್‌ಸ್ಟಿಕ್‌ನಲ್ಲಿ ಎತ್ತಿ ನನ್ನ ಕಡೆ ಚಾಚಿದ್ರು. ಹತ್ತು ವರ್ಷದಿಂದ ತಮ್ಮ ತಟ್ಟೆಯ ಕೊನೇ ಬಜ್ಜಿ ನನಗೆ ಕೊಡೋ ಮನುಷ್ಯ. ನಾನೂ ಚಾಪ್‌ಸ್ಟಿಕ್ ಚಾಚಿದೆ. ಅರ್ಧಕ್ಕೆ ಕೈ ನಿಂತುಹೋಯ್ತು.

"ರೀ, ಹಾಗೆ ಕೊಡಬೇಡಿ. ತಟ್ಟೇಲಿಡಿ."

"ಯಾಕೆ?"

ಪ್ಲಾನ್ ಮಾಡುವಾಗ ಓದಿದ್ದೆ. ಹೇಳಲೋ ಬೇಡವೋ ಅಂತ ಯೋಚಿಸಿ ಕೊನೆಗೆ ಹೇಳಿದೆ. ಜಪಾನಿನಲ್ಲಿ ದಹನ ಆದ ಮೇಲೆ ಮನೆಯವರು ಮೂಳೆಗಳನ್ನು ಚಾಪ್‌ಸ್ಟಿಕ್‌ನಿಂದ ಎತ್ತಿ ಕುಡಿಕೆಗೆ ಹಾಕ್ತಾರೆ. ಒಬ್ಬರ ಚಾಪ್‌ಸ್ಟಿಕ್‌ನಿಂದ ಇನ್ನೊಬ್ಬರ ಚಾಪ್‌ಸ್ಟಿಕ್‌ಗೆ ದಾಟಿಸೋದು ಆವಾಗ ಮಾತ್ರ. ಕಾಲಿನ ಮೂಳೆಯಿಂದ ಶುರು ಮಾಡಿ ತಲೆವರೆಗೆ, ಕುಡಿಕೆಯಲ್ಲಿ ಅವರು ತಲೆಕೆಳಗಾಗಬಾರದು ಅಂತ.

ಇವರು ಕುಂಬಳಕಾಯಿಯನ್ನು ನನ್ನ ತಟ್ಟೆಯಲ್ಲಿ ಇಟ್ರು. ಚಾಪ್‌ಸ್ಟಿಕ್ ಕೆಳಗಿಟ್ರು. ನೀರು ಕುಡಿಯೋಕೆ ಎದ್ದು ಹೋಗ್ತಾರೆ ಅಂದ್ಕೊಂಡೆ. ಹೋಗಲಿಲ್ಲ.

"ಇಬ್ರು ಸೇರಿ ಎತ್ತುತ್ತಾರಾ?" ಅಂತ ಕೇಳಿದ್ರು.

"ಹೂಂ."

"ನಾನೊಬ್ನೇ ಎತ್ತಿದ್ದು."

ಅವತ್ತು ಸ್ಮಶಾನಕ್ಕೆ ಹೆಂಗಸರು ಬರಬಾರದು ಅಂತ ನಾನು ಮನೇಲೇ ಉಳಿದಿದ್ದೆ. ಅಡುಗೆಯವರಿಗೆ ಲೆಕ್ಕ ಹೇಳ್ತಾ ಇದ್ದೆ. ಅಸ್ಥಿ ಸಂಚಯನ ಆಯ್ತು, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟು ಬಂದ್ರು ಅಂತಷ್ಟೇ ನನಗೆ ಗೊತ್ತಿದ್ದಿದ್ದು. ಅವತ್ತು ಏನೇನಾಯ್ತು ಅಂತ ಇವರು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆ ರಾತ್ರಿ ಹೇಳಿದ್ರು. ಮೈಸೂರಿಂದ ಕಾರಲ್ಲಿ ಹೋಗುವಾಗ ಮಡಿಕೆ ತೊಡೆ ಮೇಲಿತ್ತಂತೆ. ಅಷ್ಟು ಹಗುರ ಇರುತ್ತೆ ಅಂತ ಅಂದ್ಕೊಂಡಿರಲಿಲ್ಲವಂತೆ. "ಚಿಕ್ಕವನಾಗಿದ್ದಾಗ ಅಪ್ಪ ಸ್ಕೂಟರ್ ಮುಂದೆ ನನ್ನ ನಿಲ್ಲಿಸ್ಕೊಂಡು ಇದೇ ರೋಡಲ್ಲಿ ಕರ್ಕೊಂಡು ಹೋಗೋರು. ಹಂಪ್ ಬಂದ್ರೆ ಒಂದು ಕೈ ನನ್ನ ಹೊಟ್ಟೆ ಮೇಲೆ ಬರೋದು. ಅವತ್ತು ಪ್ರತಿ ಹಂಪಿಗೂ ನಾನು ಮಡಿಕೆ ಮೇಲೆ ಕೈ ಇಟ್ಟೆ ಕಣೇ."

ಅಷ್ಟು ಹೇಳಿ ಅತ್ತರು. ತಟ್ಟೆ ತೆಗೆಯೋಕೆ ಬಂದ ಹುಡುಗ ಸನ್ಯಾಸಿ ಬಾಗಿಲು ಅರ್ಧ ಸರಿಸಿ ನೋಡಿ, ಸದ್ದಿಲ್ಲದೆ ಮತ್ತೆ ಮುಚ್ಚಿಕೊಂಡು ಹೋದ. ಅರ್ಧ ಗಂಟೆ ಬಿಟ್ಟು ಬಂದ.

📷 ಫೋಟೋ 4: ಮರುದಿನ ಬೆಳಗ್ಗೆ, ಓಕುನೋಇನ್. ಇಚಿನೋಹಾಶಿ ಸೇತುವೆಯಿಂದ ಸುಮಾರು ಎರಡು ಕಿಲೋಮೀಟರ್ ದಾರಿ. ಇಕ್ಕೆಲದಲ್ಲಿ ಆಕಾಶಕ್ಕೆ ಹೋದ ಸೀಡರ್ ಮರಗಳು, ಅವುಗಳ ಕೆಳಗೆ ಪಾಚಿ ಹಿಡಿದ ಸಮಾಧಿಗಳು. ಎರಡು ಲಕ್ಷಕ್ಕೂ ಹೆಚ್ಚು ಇವೆ. ದಾರಿಯ ಕೊನೆಯಲ್ಲಿ ಕೂಕಾಯ್ ಇದ್ದಾರೆ. "ಇದ್ದಾರೆ" ಅಂತಲೇ ಅಲ್ಲಿಯವರು ಹೇಳೋದು. 835ರಲ್ಲಿ ಅವರು ಧ್ಯಾನಕ್ಕೆ ಕೂತರು, ಇನ್ನೂ ಎದ್ದಿಲ್ಲ ಎಂಬ ನಂಬಿಕೆ. ಮಂತ್ರಾಲಯದ ರಾಯರನ್ನು ನಂಬಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಿನಕ್ಕೆ ಎರಡು ಹೊತ್ತು, ಬೆಳಗ್ಗೆ 6ಕ್ಕೆ ಮತ್ತು 10.30ಕ್ಕೆ, ಅವರಿಗೆ ಊಟ ಹೋಗುತ್ತೆ. ಸನ್ಯಾಸಿಗಳು ಮರದ ಪೆಟ್ಟಿಗೆ ಹೊತ್ತು ತರ್ತಾರೆ. ಮೊದಲು "ರುಚಿ ನೋಡೋ ಜಿಜೋ" ಗುಡಿ ಮುಂದೆ ನಿಂತು, ಆಮೇಲೆ ಸೇತುವೆ ದಾಟ್ತಾರೆ.

ಹತ್ತೂವರೆಗೆ ನಾವು ಅಲ್ಲೇ ನಿಂತಿದ್ವಿ. ಪೆಟ್ಟಿಗೆ ಮುಂದೆ ಹೋಗುವಾಗ ಇವರು ಮೆಲ್ಲಗೆ, "ಅಮ್ಮ ಈಗ ಕಾಫಿ ಇಡೋ ಟೈಮು" ಅಂದ್ರು. ಅತ್ತೆ ಇವತ್ತಿಗೂ ಬೆಳಗ್ಗೆ ಮಾವನ ಫೋಟೋ ಮುಂದೆ ಲೋಟ ಇಡ್ತಾರೆ. ಜಪಾನಿನ ಹತ್ತೂವರೆ ಅಂದ್ರೆ ನಮ್ಮ ಬೆಳಗಿನ ಏಳು.

📷 ಫೋಟೋ 5: ಇದೇ ಕೊನೇ ಫೋಟೋ. ಸೇತುವೆ ಪಕ್ಕದಲ್ಲಿ ಸಾಲಾಗಿ ನಿಂತ ಮೂರ್ತಿಗಳಿವೆ, ಮಿಜುಮುಕೆ ಜಿಜೋ ಅಂತಾರೆ. ತೀರಿಹೋದ ಮನೆಯವರನ್ನು ನೆನೆದು ಆ ಮೂರ್ತಿಗಳಿಗೆ ಸೌಟಿನಲ್ಲಿ ನೀರು ಎರೆಯೋದು ಪದ್ಧತಿ. ಇವರು ಸೌಟು ತಗೊಂಡ್ರು, ನೀರು ತುಂಬಿದ್ರು, ಆಮೇಲೆ ನನ್ನ ಕಡೆ ತಿರುಗಿ "ನೀನೂ ಹಿಡ್ಕೋ" ಅಂದ್ರು. ಇಬ್ರೂ ಸೇರಿ ಎರೆದ್ವಿ. ನಮ್ಮ ಆನಿವರ್ಸರಿ ಫೋಟೋ ಅಂತ ಏನಾದ್ರೂ ಇದ್ರೆ ಇದೇ. ನಮ್ಮ ಹಿಂದೆ ನಿಂತಿದ್ದ ಅಜ್ಜಿಯೊಬ್ಬರು ತಾವಾಗೇ ಫೋನ್ ಕೇಳಿ ತೆಗೆದುಕೊಟ್ಟಿದ್ದು. ಇಬ್ಬರ ಮುಖವೂ ಕಾಣಲ್ಲ. ಸೇತುವೆ ದಾಟಿದ ಮೇಲೆ ಫೋಟೋ ತೆಗೆಯೋ ಹಾಗಿಲ್ಲ, ನಾವೂ ತೆಗೆಯಲಿಲ್ಲ.

ವಾಪಸ್ ಬಸ್‌ಸ್ಟಾಪ್ ಕಡೆ ಬರೋ ದಾರಿಯಲ್ಲಿ ಕಂಪನಿಗಳು, ಸಂಘಗಳು ಕಟ್ಟಿಸಿದ ಸ್ಮಾರಕಗಳಿವೆ. ಅದರಲ್ಲಿ ಒಂದು ಗೆದ್ದಲು ಹುಳುಗಳಿಗೆ! ಗೆದ್ದಲು ಕೊಲ್ಲೋ ಕೆಲಸದವರ ಸಂಘವೇ, ನೆಮ್ಮದಿಯಾಗಿ ನಿದ್ರಿಸಿ ಅಂತ ಬರೆಸಿ ನಿಲ್ಲಿಸಿದೆ. ಮಾವ ಹಳೇ ಮನೆ ಬಾಗಿಲುವಾಡದ ಗೆದ್ದಲಿನ ಜೊತೆ ಇಪ್ಪತ್ತು ವರ್ಷ ಸೀಮೆಎಣ್ಣೆ ಯುದ್ಧ ಮಾಡಿದವರು. "ಅಪ್ಪ ನೋಡಿದ್ರೆ ಬೈಯೋರು" ಅಂತ ಇವರು ನಕ್ಕಿದ್ದೇ ನಕ್ಕಿದ್ದು. ಅಪ್ಪನ ಹೆಸರೆತ್ತಿ ಇವರು ನಕ್ಕಿದ್ದು ನಾನು ಕೇಳಿ ಎಷ್ಟು ದಿನ ಆಗಿತ್ತೋ.

ಬಸ್ಸಿಗೆ ಕಾಯ್ತಾ ಅತ್ತೆಗೆ ವಿಡಿಯೋ ಕಾಲ್ ಮಾಡಿದ್ರು.

"ಅಮ್ಮಾ, ಇಲ್ಲಿ ಅಪ್ಪನಿಗೆ ನೀರು ಬಿಟ್ಟೆ."

ಅತ್ತೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಒಳ್ಳೇದಾಯ್ತು ಕಣೋ. ಸ್ವೆಟರ್ ಎಲ್ಲೋ? ಹಾಕ್ಕೋ ಮೊದ್ಲು."

ಹೋಗುವವರಿಗೆ: ನವೆಂಬರ್‌ನಲ್ಲಿ ಎಲೆ ಕೆಂಪಾಗೋ ಸಮಯ, ಕೋಣೆ ಬೇಗ ತುಂಬುತ್ತೆ, ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಿ. ಬೆಟ್ಟದ ಮೇಲೆ ಚಳಿ ಜೋರು, ಅತ್ತೆ ಹೇಳಿದ್ದು ಸುಳ್ಳಲ್ಲ. ಸಂಜೆ ಊಟದ ಹೊತ್ತಿಗೆ ಮುಂಚೆ ತಲುಪಿ, ತಡವಾದ್ರೆ ಊಟ ಸಿಗಲ್ಲ. ಮತ್ತೆ, ಪ್ಲಾನ್ ಶೀಟ್ ನೋಡಿ ಮನೆಯವರು "ನಿಂಗೆ ಎಲ್ಲಿ ಇಷ್ಟಾನೋ ಅಲ್ಲಿಗೇ" ಅಂದ್ರೆ, ನನ್ನ ಥರ ಜಗಳ ಆಡೋಕೆ ಮುಂಚೆ ಲ್ಯಾಪ್‌ಟಾಪ್ ಮುಚ್ಚಿ ಒಂದು ಸಲ ಪಕ್ಕದಲ್ಲಿ ಕೂತು ನೋಡಿ.

ಭಾಗ 5ರಲ್ಲಿ ಕ್ಯೋಟೋ. ಅಲ್ಲಿ ಈರುಳ್ಳಿ ಇಲ್ಲದ ಊಟ ಹುಡುಕಿದ ಕಥೆ. ಅಲ್ಲಿವರೆಗೆ ನೀವು ಹೇಳಿ: ಸುಮ್ಮನೆ ಸುತ್ತೋಕೆ ಅಂತ ಹೋದ ಜಾಗದಲ್ಲಿ ನಿಮ್ಮ ಮನೆಯವರ ಬಗ್ಗೆ ಗೊತ್ತಿಲ್ಲದ ಏನಾದ್ರೂ ಗೊತ್ತಾಗಿದ್ದು ಇದ್ಯಾ? ಕಾಮೆಂಟಲ್ಲಿ ಬರೀರಿ, ಎಲ್ಲಾ ಓದ್ತೀನಿ. 🍁

#ಹತ್ತನೇವರ್ಷ #ಜಪಾನ್‌ಪ್ರವಾಸ #ಕೋಯಾಸಾನ್ #ಕನ್ನಡದಲ್ಲಿಪ್ರವಾಸ