ಹುಳು ಮಲಗಿದ ದಿನ

ವಾರದ ಕೆಲಸವನ್ನೆಲ್ಲ ಭಾನುವಾರವೇ ಕೂತು ಯೋಚಿಸಿ, ಸೋಮವಾರದಿಂದ ಅದರಂತೆ ನಡೆಯಬೇಕು ಎಂಬ ಸಲಹೆ ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ನಮ್ಮ ವಕ್ಕಲೇರಿ ಕಡೆ ರೇಷ್ಮೆ ಸಾಕುವ ಮನೆಗೆ ಭಾನುವಾರವೆಲ್ಲಿ, ಸೋಮವಾರವೆಲ್ಲಿ? ನಮ್ಮ ವಾರ ಶುರುವಾಗುವುದು ಹುಳು ಜ್ವರದಿಂದ ಎದ್ದ ದಿನ!

ರೇಷ್ಮೆ ಸಾಕಿ ಗೊತ್ತಿಲ್ಲದ ಸೋದರಿಯರು ಗಾಬರಿಯಾಗಬೇಡಿ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುವುದಕ್ಕೆ ಜ್ವರ ಅನ್ನುತ್ತಾರೆ. ಮೊಟ್ಟೆಯೊಡೆದು ಗೂಡು ಕಟ್ಟುವವರೆಗಿನ ಸುಮಾರು 25 ದಿನಗಳಲ್ಲಿ ಇಂಥ 4 ಜ್ವರಗಳು ಬರುತ್ತವೆ. ನಾಲ್ಕನೆಯದು ಕಳೆದು ಎದ್ದಿತೋ, ಮುಂದಿನ ಒಂದು ವಾರ ಅದರ ಹಸಿವಿಗೆ ಮಿತಿಯೇ ಇಲ್ಲ. ಇಡೀ ಬೆಳೆಗೆ ಬೇಕಾಗುವ ಹಿಪ್ಪುನೇರಳೆ ಸೊಪ್ಪಿನಲ್ಲಿ ಶೇಕಡ 80ಕ್ಕೂ ಹೆಚ್ಚು ಈ ಒಂದೇ ವಾರದಲ್ಲಿ ಮುಗಿಯುತ್ತದೆ ಎಂದರೆ ನಂಬುತ್ತೀರಾ? ಹೊತ್ತುಹೊತ್ತಿಗೆ ಸೊಪ್ಪು ಕೊಯ್ಯಬೇಕು, ಹಾಕಬೇಕು. ಅದರ ಮಧ್ಯೆ ಮನೆಮಂದಿಗೆ ಮುದ್ದೆ ಬೇಯಬೇಕು, ಎರಡು ಹೊತ್ತೂ ಹಾಲು ಡೈರಿ ಸೇರಬೇಕು.

ಕೆಲವು ವರ್ಷಗಳ ಹಿಂದಿನ ಮಾತು. ಮಗಳ ಕಾಲೇಜು ಫೀಜು ಆ ಸಲದ ಗೂಡಿನ ಮೇಲೇ ನಿಂತಿತ್ತು. ನಾಲ್ಕನೇ ಜ್ವರದ ದಿನ, ಹೇಗೂ ಸೊಪ್ಪು ಹಾಕುವಂತಿಲ್ಲವಲ್ಲ ಎಂದು ನಂಟರ ಮನೆಯ ಸೀಮಂತಕ್ಕೆ ಹೋಗಿ, ರಾತ್ರಿ ಬಂದು ಮಲಗಿದೆ. ಆಮೇಲೆ ವಾರವೆಲ್ಲ ಓಡಿದ್ದೇ ಓಡಿದ್ದು! ಏಳನೇ ದಿನ ಹುಳು ಹಣ್ಣಾಯಿತು. ಮೈ ಹೊಳೆಯುತ್ತಾ ಗೂಡು ಕಟ್ಟಲು ಜಾಗ ಹುಡುಕತೊಡಗಿತು. ಚಂದ್ರಂಕಿ ತೆಗೆಯಲು ಹೋದರೆ ಅರ್ಧ ಧೂಳು ಹಿಡಿದು ಅಟ್ಟದಲ್ಲಿವೆ, ಇನ್ನರ್ಧ ಎರವಲು ಹೋದವು ವಾಪಸ್ಸೇ ಬಂದಿಲ್ಲ. ಕೂಲಿ ಹೆಂಗಸರೆಲ್ಲ ಟೊಮೇಟೊ ಕೀಳಲು ಹೊರಟುಹೋಗಿದ್ದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ, ಸಿಕ್ಕ ಚಂದ್ರಂಕಿಗಳಿಗೇ ಒತ್ತೊತ್ತಾಗಿ ಹುಳು ಬಿಟ್ಟೆವು. ಜಾಗ ಸಾಲದೆ ಎರಡೆರಡು ಸೇರಿ ಒಂದೇ ಗೂಡು ಕಟ್ಟಿಕೊಂಡವು. ಒಂದರ ಉಚ್ಚೆ ಇನ್ನೊಂದಕ್ಕೆ ತಗಲಿ ಕಲೆಯಾಯಿತು. ಜೋಡಿಗೂಡಿನ ನೂಲು ಸಲೀಸಾಗಿ ಬಿಚ್ಚುವುದಿಲ್ಲ. ಹರಾಜಿನಲ್ಲಿ ದರ ಬಿತ್ತು, ಫೀಜಿಗಾಗಿ ನನ್ನ ಓಲೆ ಗಿರವಿಗೆ ಹೋಯಿತು.

ಅತ್ತೆಯವರು ಬೈಯಲಿಲ್ಲ. "ಹುಳ ಮಲಗಿದಾಗ ನಾವು ಏಳ್ಬೇಕಮ್ಮ, ನೀನೂ ಮಲಗ್ಬಿಟ್ಟೆ" ಅಂದರು, ಅಷ್ಟೆ.

ಅಂದಿನಿಂದ ನಾಲ್ಕನೇ ಜ್ವರದ ಆ ಒಂದು ದಿನವೇ ನನ್ನ ಲೆಕ್ಕ ಹಾಕುವ ದಿನ. ಹಳೇ ಕ್ಯಾಲೆಂಡರಿನ ಹಾಳೆ ತಿರುಗಿಸಿ ಮೂರು ಪಟ್ಟಿ ಬರೆಯುತ್ತೇನೆ.

ಮೊದಲನೆಯದು, ಏನಾದರೂ ನಿಲ್ಲಿಸುವಂತಿಲ್ಲದ್ದು: ಸೊಪ್ಪಿನ ಹೊತ್ತು, ಹಾಲು, ಅತ್ತೆಯ ಬೀಪಿ ಮಾತ್ರೆ, ಮಕ್ಕಳ ಪರೀಕ್ಷೆ. ಮುಂಚೆ ಇವೆಲ್ಲಕ್ಕೂ ನಾನೊಬ್ಬಳೇ ಓಡುತ್ತಿದ್ದೆ. ಈಗ ಒಂದೊಂದರ ಮುಂದೆ ಒಬ್ಬೊಬ್ಬರ ಹೆಸರು. ಸಂಜೆ ಹಾಲು ಯಜಮಾನರದು, ಮಾತ್ರೆ ಮಗನದು.

ಎರಡನೆಯದು, ಇವತ್ತೇ ಮುಗಿಸಬಹುದಾದದ್ದು: ಹತ್ತು ದಿನಕ್ಕಾಗುವಷ್ಟು ರಾಗಿ ಮಿಷನ್ನಿಗೆ ಹಾಕಿಸುವುದು, ಸಾರಿನ ಪುಡಿ, ಹುರುಳಿಕಾಳು ಹುರಿದು ಚಟ್ನಿಪುಡಿ, ಮಕ್ಕಳ ಯೂನಿಫಾರ್ಮು. ಚಂದ್ರಂಕಿಗಳನ್ನು ಕೊಡವಿ, ಬಿಸಿಲಿಗಿಟ್ಟು, ಎಣಿಸುವುದು. ಕೂಲಿಯವರಿಗೆ ಏಳನೇ ದಿನವಲ್ಲ, ಆರನೇ ದಿನದಿಂದಲೇ ಬರಹೇಳುವುದು. ಪಕ್ಕದ ಟೊಮೇಟೊ ತೋಟಕ್ಕೆ ಯಾವತ್ತು ಔಷಧಿ ಹೊಡೆಯುತ್ತಾರೆ ಎಂದು ಮರೆಯದೆ ಕೇಳಿಕೊಂಡು, ಆ ಬದಿಯ ಸೊಪ್ಪನ್ನು ಮೊದಲೇ ಕೊಯ್ದು ಮುಗಿಸುತ್ತೇವೆ. ಔಷಧಿ ತಾಗಿದ ಸೊಪ್ಪು ತಿಂದರೆ ಹುಳು ಉಳಿಯುವುದಿಲ್ಲ.

ಮೂರನೆಯದು, ಈ ವಾರ ಬಿಟ್ಟುಬಿಡುವುದು. ಇದನ್ನು ಬರೆಯಲು ಕಲಿಯುವುದೇ ನನಗೆ ಕಷ್ಟವಾಯಿತು. ಪೂರಿ, ಒಬ್ಬಟ್ಟು ಬೇಡ, ಅಟ್ಟ ಗುಡಿಸುವುದು ಬೇಡ. ಕರೆಯಲು ಬಂದವರಿಗೆ "ಗೂಡು ಮಾರಿದ ಮೇಲೆ ಬರ್ತೀನಕ್ಕ, ಜೊತೆಗೇ ಮಾರ್ಕಂಡೇಶ್ವರನ ಬೆಟ್ಟ ಹತ್ತೋಣ" ಎಂದು ನಗುತ್ತಾ ಹೇಳಿದರೆ ಯಾರೂ ಮುನಿಸಿಕೊಳ್ಳುವುದಿಲ್ಲ.

ಇಷ್ಟಾದರೂ ಒಂದು ಸಂಜೆಯನ್ನು ಖಾಲಿ ಬಿಟ್ಟಿರುತ್ತೇನೆ. ಮಳೆ ಬರಬಹುದು, ಕರೆಂಟು ಹೋಗಬಹುದು, ಮಗುವಿಗೆ ಹುಷಾರು ತಪ್ಪಬಹುದು. ಅಂಚಿನ ತನಕ ತುಂಬಿದ ಬಿಂದಿಗೆ ತುಳುಕದೆ ಇರುತ್ತದೆಯೇ?

ನಿಮ್ಮ ಮನೆಯಲ್ಲಿ ಹುಳು ಇಲ್ಲದಿರಬಹುದು. ಆದರೆ ಹಬ್ಬಕ್ಕೆ, ಮದುವೆಗೆ, ಮಕ್ಕಳ ಪರೀಕ್ಷೆಗೆ ಮುಂಚೆ ಎಲ್ಲವೂ ಸುಮ್ಮನಿರುವ ಒಂದು ದಿನ ನಿಮಗೂ ಬರುತ್ತದೆ. ಅದನ್ನು ಪುರುಸೊತ್ತು ಎಂದುಕೊಂಡು ಕಳೆದುಬಿಟ್ಟರೆ ಅದರ ಬಡ್ಡಿಯನ್ನು ವಾರವೆಲ್ಲ ಕಟ್ಟಬೇಕು.

ಮುಂದಿನ ಎರಡು ಬೆಳೆಗೆ ಓಲೆ ಬಿಡಿಸಿಕೊಂಡು ಬಂದೆವು, ಈಗ ಕಿವಿಯಲ್ಲೇ ಇವೆ. ನಾಳೆ ನಮ್ಮ ಹುಳು ನಾಲ್ಕನೇ ಜ್ವರಕ್ಕೆ ಕೂರುತ್ತದೆ. ಹಾಳೆ ತಿರುಗಿಸಿ ಮೊದಲ ಸಾಲು ಈಗಾಗಲೇ ಬರೆದಿಟ್ಟಿದ್ದೇನೆ: ಚಂದ್ರಂಕಿ ಎಣಿಸುವುದು!